ಐದು ಚಾಕು, ಒಂದು ಹಲಸು

ಹಯವದನರಾಯರು ವಸ್ತುಪ್ರದರ್ಶನದಿಂದ ಐದು ಚಾಕುಗಳ ಸೆಟ್ ತಂದು, ಅಡುಗೆಯ ಭಾಗೀರಥಮ್ಮನಿಗೆ ಅಪ್ಪಣೆ ಮಾಡಿದರು.

"ನಾಳೆ ಆ ಹಳೇ ಈಳಿಗೆಮಣೆ ಗುಜರಿಗೆ ಹಾಕಿ. ಹೇಗೆ ಹೆಚ್ಚಬೇಕು ಅನ್ನೋದೆಲ್ಲ ಸೆಟ್ ಜೊತೆ ಕೊಟ್ಟಿರೋ ಈ ಪುಸ್ತಕದಲ್ಲಿದೆ. ನೀವು ನನಗೆ ಹೇಳಿಕೊಡಬೇಡಿ."

"ಆಗಲಿ ರಾಯರೇ. ಒಂದು ಸಲ ಹೆಚ್ಚಿ ತೋರಿಸಿಬಿಡಿ," ಎಂದು ಭಾಗೀರಥಮ್ಮ ಎಳೆ ಹಲಸಿನಕಾಯಿ ತಂದಿಟ್ಟರು.

ರಾಯರು ದೊಡ್ಡ ಚಾಕು ಚುಚ್ಚಿದರು. ಅದು ಅಂಟಿನಲ್ಲಿ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಎರಡನೆಯದು, ಎರಡನೆಯದನ್ನು ಬಿಡಿಸಲು ಮೂರನೆಯದು. ಕೊನೆಗೆ ಐದೂ ಕಾಯಿಯಲ್ಲೇ ನಿಂತವು. ರಾಯರ ಬೆರಳುಗಳೂ ಒಂದಕ್ಕೊಂದು ಅಂಟಿಕೊಂಡವು.

ಭಾಗೀರಥಮ್ಮ ಈಳಿಗೆಗೂ ಅಂಗೈಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಕೂತು, ಇನ್ನೊಂದು ಕಾಯಿಯನ್ನು ಸಲೀಸಾಗಿ ಹೋಳು ಮಾಡಿದರು.

"ಎಣ್ಣೆ ಹಚ್ಚಬೇಕು ಅಂತ ಮೊದಲೇ ಹೇಳಬಾರದಿತ್ತೇ?" ರಾಯರು ಗೊಣಗಿದರು.

"ಪುಸ್ತಕದಲ್ಲಿ ಇರುತ್ತೆ ಅಂದುಕೊಂಡೆ, ರಾಯರೇ."

ಮರುದಿನ ಗುಜರಿಯವನು ಬಂದ. ರಾಯರು ತಾವೇ ಎದ್ದು ಹೋಗಿ ಆ ಪುಸ್ತಕವನ್ನು ಅವನ ಚೀಲಕ್ಕೆ ಹಾಕಿದರು.