ಹಳೆಯ ಬೀಗದ ಕೈ

"ಗುರುಗಳೇ, ಹೊಸ ಕೀಲಿ ಬಂದಾಯಿತು. ಹೊಸ ಸರ್ವರ್ ಕರೆದರೆ ಓಗೊಡುತ್ತಿದೆ. ಇನ್ನು ಹಳೆಯ ಕೀಲಿಯನ್ನು ಅಳಿಸಿಬಿಡಲೆ?"

ಹೀಗೆ ಕೇಳಿದವಳು ಮಂದಾಕಿನಿ ಎಂಬ ಶಿಷ್ಯೆ. ಒಂದು ದೊಡ್ಡ ಸ್ಟೋರೇಜ್ ಯಂತ್ರವನ್ನು ನೋಡಿಕೊಳ್ಳುವುದು ಅವಳ ಕೆಲಸ. ಸಾವಿರಾರು ಮನೆಗಳ ಫೋಟೊ, ಹಾಡು, ತೀರಿಹೋದವರ ದನಿ ಎಲ್ಲ ಅದರೊಳಗೆ ಯಾರಿಗೂ ಓದಲಾಗದ ಗುಟ್ಟಿನ ಲಿಪಿಯಲ್ಲಿ ಕೂತಿದ್ದವು. ಗುಟ್ಟು ಬಿಡಿಸುವ ಕೀಲಿ ಮಾತ್ರ ಅಲ್ಲಿರಲಿಲ್ಲ. ಅದು ಬೇರೆ ಕೋಣೆಯಲ್ಲಿ, ಕೀಲಿ ಸರ್ವರ್ ಎಂಬ ಬೇರೆ ಯಂತ್ರದಲ್ಲಿತ್ತು. ಆ ಕೀಲಿಯನ್ನು ಬದಲಿಸಿ, ಹೊಸದನ್ನು ಹೊಸ ಸರ್ವರಿನಲ್ಲಿಡುವ ಕೆಲಸ ಅಂದು ಅವಳ ಪಾಲಿಗೆ ಬಂದಿತ್ತು. ಬೆರಳು ಆಗಲೇ ಗುಂಡಿಯ ಮೇಲಿತ್ತು.

"ಅಳಿಸುವುದಕ್ಕೇನು, ಅಳಿಸಬಹುದು. ಮೊದಲು ಒಂದು ಕತೆ ಕೇಳು," ಎಂದ ಗುರು.

ಕತೆ ಯಾವ ಊರಲ್ಲಿ ನಡೆಯಿತು ಎಂದು ಮಾತ್ರ ಕೇಳಬಾರದು. ಕೇಳಿದವರಿಗೆಲ್ಲ ಅವನು ಒಂದೊಂದು ಊರು ಹೇಳಿದ್ದಾನೆ. ಪ್ರತಿ ಸಲವೂ ಆಣೆ ಮಾಡಿ ಹೇಳಿದ್ದಾನೆ.

ಒಬ್ಬ ವರ್ತಕನಿದ್ದ. ಹೊಳೆಯ ಈಚೆ ದಂಡೆಯಲ್ಲಿ ಅವನ ಮನೆ. ಮನೆಯಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿದ್ದುದು ಬಂಗಾರವಲ್ಲ, ಒಂದು ಕೌದಿ. ಅವನ ಹೆಂಡತಿ ತನ್ನ ಹಳೆಯ ಸೀರೆಗಳನ್ನು ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ ಹೊಲಿದದ್ದು. ಮಗಳಿಗೆ ಆಗಿನ್ನೂ ಮದುವೆಯೂ ಆಗಿರಲಿಲ್ಲ. "ಇವಳ ಚೊಚ್ಚಲ ಕೂಸನ್ನು ಮೊದಲು ಇದರ ಮೇಲೆ ಮಲಗಿಸಬೇಕು. ನಾನಿದ್ದರೂ ಸರಿ, ಇಲ್ಲದಿದ್ದರೂ ಸರಿ," ಎಂದಿದ್ದಳು. ಮದುವೆ ನೋಡಿದಳು. ಅದಕ್ಕಿಂತ ಹೆಚ್ಚು ನೋಡಲು ಅವಳು ಉಳಿಯಲಿಲ್ಲ.

ಆ ಪೆಟ್ಟಿಗೆಯನ್ನು ಮಾಡಿದ ಬೀಗಗಾರ ಭಾರಿ ಕಿತಾಪತಿಯವನು. ಹೋದ ವರ್ಷ ಇದೇ ಕತೆ ಹೇಳುವಾಗ ಅವನು ಗುರುವಿನ ಸೋದರಮಾವನಾಗಿದ್ದ. ಈ ವರ್ಷ ಯಾಕೋ ಪರದೇಶದವನಾದ. ಇರಲಿ. ಅವನು ಮುಚ್ಚಳದ ಒಳಗಡೆ ಒಂದು ಮಸಿಯ ಕುಡಿಕೆ ಕೂರಿಸಿದ್ದ. ಬೀಗದ ಕೈ ಹಾಕಿ ತೆರೆದರೆ ಏನೂ ಇಲ್ಲ. ಮೀಟಿ ತೆರೆದರೆ ಕುಡಿಕೆ ಮಗುಚಿ ಒಳಗಿದ್ದದ್ದೆಲ್ಲ ಕರ್ರಗೆ. ಇದ್ದೂ ಇಲ್ಲದ ಹಾಗೆ.

ಬೀಗ ಇರುವ ಮನೆಯಲ್ಲಿ ಬೀಗದ ಕೈ ಇರಬಾರದು ಎಂಬುದು ಆ ಊರಿನ ರೂಢಿ. ವರ್ತಕನ ಪೆಟ್ಟಿಗೆಯ ಕೈ ಹೊಳೆಯಾಚೆ ಬೀಗರ ಮನೆಯಲ್ಲಿತ್ತು. ಬೀಗ ಎಂದರೆ ಮಗಳ ಮಾವ, ಒಬ್ಬ ರೈತ. "ನಮ್ಮ ಬೀಗದ ಕೈ ಬೀಗರ ಕೈಯಲ್ಲಿ," ಎಂದು ವರ್ತಕ ಬಂದವರಿಗೆಲ್ಲ ಹೇಳಿ, ಅವರು ನಗುವ ಮೊದಲೇ ತಾನು ನಗುತ್ತಿದ್ದ.

ಮಗಳು ಹೆರಿಗೆಗೆಂದು ತವರಿಗೆ ಬಂದಳು. ಅದೇ ಹೊತ್ತಿಗೆ ಬೀಗಗಾರನೂ ಬಂದ.

"ಒಂದೇ ಕೈಯನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಯಜಮಾನರೇ? ಅದರ ಹಲ್ಲು ಯಾರು ಯಾರು ನೋಡಿದ್ದಾರೋ! ಬದಲಿಸಿಬಿಡಿ," ಎಂದು ಹೊಸ ಕೈ ಮಾಡಿಕೊಟ್ಟ. ವರ್ತಕ ಅದನ್ನು ತೂರಿಸಿ ತಿರುಗಿಸಿದ. ಟಕ್ ಎಂದಿತು. ಅವನ ಮುಖ ಅರಳಿತು.

"ಸದ್ದಿಗೆ ಹಿಗ್ಗಬೇಡಿ," ಎಂದ ಬೀಗಗಾರ. "ಒಳಗಿನ ಕೊಕ್ಕೆ ಇನ್ನೂ ಹಳೆಯ ಕೈಯ ಮಾತನ್ನೇ ಕೇಳುತ್ತದೆ. ಹಳೆಯದನ್ನು ತರಿಸಿ ಒಮ್ಮೆ ತೆರೆಯಿರಿ, ಹೊಸದರಿಂದ ಮುಚ್ಚಿರಿ. ಆಮೇಲೆ ಅದು ಹೊಸದಕ್ಕೆ ಒಗ್ಗುತ್ತದೆ."

ವರ್ತಕ ಹೂಂ ಎಂದ. ಅವನ ಕಿವಿಯಲ್ಲಿದ್ದುದು ಆ ಟಕ್ ಮಾತ್ರ. ಮತ್ತೆ ತಿರುಗಿಸಿದ, ಮತ್ತೆ ಟಕ್ ಎಂದಿತು. ಸಂಜೆಯೊಳಗೆ ಹೊಸ ಕೈಯನ್ನು ಪಕ್ಕದ ಬೀದಿಯ ಗಾಣದವನ ಮನೆಯಲ್ಲಿಟ್ಟ. ಇನ್ನು ದೋಣಿಗೆ ಕಾಯುವ ಗೋಜಿಲ್ಲ ಎಂದುಕೊಂಡ. ಹೊಳೆಯಾಚೆ ಹೊರಟಿದ್ದ ಎಲೆ ಮಾರುವವನನ್ನು ಕರೆದ. ಅವನ ಬಾಯಿ ಎಂದಿನಂತೆ ಎಲೆ ಅಡಿಕೆಯಿಂದ ತುಂಬಿತ್ತು.

"ಬೀಗರಿಗೆ ಹೇಳು. ಹಳೆಯ ಬೀಗದ ಕೈ ಇನ್ನು ಬೇಡ, ಹೊಳೆಗೆ ಬಿಟ್ಟುಬಿಡಲಿ."

ಎಲೆಯವನು ತಲೆಯಾಡಿಸಿ ಹೋದ.

ಮಗಳು ಹೆತ್ತಳು. ಹೆಣ್ಣು ಕೂಸು. ಸೂಲಗಿತ್ತಿ ಕೂಸನ್ನು ತೊಳೆದು ಎತ್ತಿಕೊಂಡು ನಿಂತಳು. "ಅಪ್ಪಾ, ಅವ್ವನ ಕೌದಿ ತಾ," ಎಂದಳು ಮಗಳು. ವರ್ತಕ ಗಾಣದವನ ಮನೆಗೆ ಓಡಿದ. ಕೈ ತಂದ. ತಿರುಗಿಸಿದ. ಟಕ್ ಎಂದಿತು. ಮುಚ್ಚಳ ಏಳಲಿಲ್ಲ.

ಆಗ ಬೀಗಗಾರನ ಮಾತು, ಅಷ್ಟು ದಿನ ಕೇಳದೆ ಉಳಿದದ್ದು, ಒಟ್ಟಿಗೆ ಕೇಳಿಸಿತು.

"ಅಪ್ಪಾ, ಸಿಗಲಿಲ್ಲವೇ?"

"ತರುತ್ತೇನೆ ಮಗಳೇ. ಈಗಲೇ ತರುತ್ತೇನೆ. ಅಲ್ಲಿಯವರೆಗೆ ಕೂಸನ್ನು ಎದೆಗೆ ಒತ್ತಿಕೊಂಡಿರು," ಎಂದು ಹೇಳಿ ಅವನು ದೋಣಿ ಹತ್ತಿದ. ದಾರಿಯುದ್ದಕ್ಕೂ ನೀರನ್ನೇ ನೋಡಿದ. ಬೀಗದ ಕೈ ತೇಲುವ ವಸ್ತುವಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ನೋಡಿದ.

ಬೀಗಿತ್ತಿ ಬಾಗಿಲಲ್ಲೇ ನಿಂತಿದ್ದಳು. ಕಾಲಿಗೆ ನೀರು ಕೊಡಲಿಲ್ಲ.

"ಬಂದಿರಾ? ಬೇಡವಾದವರ ಮನೆಯ ದಾರಿ ಮರೆತಿಲ್ಲ, ನೋಡಿ!"

ಒಳಗಿನಿಂದ ಬೀಗ ಗದರಿದ. "ಸುಮ್ಮನಿರೇ. ಮೊದಲು ಸುದ್ದಿ ಹೇಳಲಿ. ಸೊಸೆ ಹೇಗಿದ್ದಾಳೆ ಬೀಗರೇ?"

"ಹೆತ್ತಿದ್ದಾಳೆ. ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ."

ಬೀಗಿತ್ತಿಯ ಸಿಟ್ಟು ಅರ್ಧಕ್ಕೇ ನಿಂತಿತು. ಅವಳು ಸೆರಗಿನಿಂದ ಕಣ್ಣೊರಸಿಕೊಂಡಳು. ಆಮೇಲೆ ನೆನಪಾಗಿ ಉಳಿದರ್ಧ ಸಿಟ್ಟು ಮಾಡಿದಳು. "ಅಲ್ಲ, ನಾವೇನು ಮಾಡಿದ್ದೆವು? 'ಹಳೆಯ ಬೀಗರ ಕೈ ಇನ್ನು ಬೇಡ' ಎಂದು ಎಲೆಯವನ ಹತ್ತಿರ ಹೇಳಿಕಳಿಸುವುದೇ? ತುಂಬಿದ ಬಸುರಿಯ ಕಿವಿಗೆ ಜಗಳ ಬೀಳಬಾರದೆಂದು ಇಷ್ಟು ದಿನ ಬಾಯಿ ಹೊಲಿದುಕೊಂಡು ಕೂತೆವು."

"ಬೀಗರ ಕೈ ಅಲ್ಲ ತಾಯಿ! ಬೀಗದ ಕೈ! ಪೆಟ್ಟಿಗೆಯದು! ಅದನ್ನು ಹೊಳೆಗೆ ಬಿಡಿ ಎಂದಿದ್ದೆ."

"ಹೊಳೆಗೆ ಗಿಳೆಗೆ ಎಂದು ಅವನು ಏನೂ ಹೇಳಲಿಲ್ಲ. ಅಷ್ಟು ಹೇಳಿ, ಪಿಚಕ್ಕನೆ ಉಗುಳಿ ಹೋದ."

ವರ್ತಕ ಕಂಬಕ್ಕೆ ಒರಗಿದ. "ಹಾಗಾದರೆ ಅದು..."

ಬೀಗ ಎದ್ದು ಬಂದ. ಅಂಗಿಯೆತ್ತಿ ಉಡುದಾರದಿಂದ ಕೈ ಬಿಚ್ಚಿದ. ಸೊಂಟದ ಬಿಸಿಗೆ ಅದು ಬೆಚ್ಚಗಿತ್ತು.

"ನೀವು ಬೇಡ ಅಂದದ್ದು ನನ್ನ ಕೈ. ಇದು ನಿಮ್ಮ ಕೈ. ಇದನ್ನು ಹೇಗೆ ಬಿಡಲಿ?"

ವರ್ತಕ ನಕ್ಕ. ನಗು ಅಳುವಾಯಿತು. ಬೀಗದ ಕೈಯನ್ನು ತೆಗೆದುಕೊಳ್ಳುವ ಬದಲು, ಅದನ್ನು ಹಿಡಿದಿದ್ದ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. "ಎರಡೂ ಬೇಕು ಬೀಗರೇ," ಎಂದ. ಬೀಗಿತ್ತಿ ಒಳಗೆ ಹೋಗಿ, ಕಾಲಿಗೆ ಕೊಡದ ನೀರನ್ನು ಕುಡಿಯಲು ತಂದುಕೊಟ್ಟಳು.

ಮೂವರೂ ಒಂದೇ ದೋಣಿಯಲ್ಲಿ ಬಂದರು. ಬೀಗ ಪೆಟ್ಟಿಗೆ ತೆರೆದ. ಮಸಿ ಚೆಲ್ಲಲಿಲ್ಲ. ಬೀಗಿತ್ತಿ ಕೌದಿ ಹಾಸಿದಳು, ಕೂಸನ್ನು ಮಲಗಿಸಿದಳು. ಮಗಳು ಕೌದಿಯ ಒಂದು ಮೂಲೆಯನ್ನು ಎಳೆದು ಕೆನ್ನೆಗೆ ಇಟ್ಟುಕೊಂಡಳು. "ಇದು ಅವ್ವನ ಹಸಿರು ಸೀರೆ," ಎಂದಳು. ಕೂಸೂ ಏನೋ ಹೇಳುತ್ತಿತ್ತು.

ಆಮೇಲೆ ವರ್ತಕ ಬರಿದಾದ ಪೆಟ್ಟಿಗೆಯನ್ನು ಹೊಸ ಕೈಯಿಂದ ಮುಚ್ಚಿದ. ಅದರಿಂದಲೇ ತೆರೆದ. ಈ ಸಲ ಸದ್ದನ್ನು ನಂಬದೆ ಮುಚ್ಚಳವನ್ನು ಎತ್ತಿ ನೋಡಿದ. ಆ ಹೊಸ ಕೈಯನ್ನು ಗಾಣದವನ ಮನೆಗೆ ಕೊಟ್ಟುಬಂದು, ಮತ್ತೆ ಅಲ್ಲಿಂದ ತಂದು ಇನ್ನೊಮ್ಮೆ ಮುಚ್ಚಳ ಎತ್ತಿ ನೋಡಿದ. ಅಷ್ಟೆಲ್ಲ ಆದ ಮೇಲೆ ಬೀಗನ ಮುಖ ನೋಡಿ, "ಈಗ ಬಿಡೋಣವೆ?" ಎಂದು ಕೇಳಿದ. ಬೀಗನೇ ದಂಡೆಗಿಳಿದು ಹಳೆಯ ಕೈಯನ್ನು ನೀರಿಗೆ ಬಿಟ್ಟ.

ಗುರು ಕತೆ ನಿಲ್ಲಿಸಿದ. ಮಂದಾಕಿನಿ ಕಣ್ಣೊರಸಿಕೊಂಡು ನಕ್ಕಳು. "ವರ್ತಕ ಪುಣ್ಯವಂತ ಗುರುಗಳೇ. ಎಲೆಯವನು ಹೇಳಿದ್ದೇ ಬೇರೆಯಾಯಿತು, ಕೌದಿ ಉಳಿಯಿತು."

"ಉಳಿಯಿತು ತಾಯಿ; ಆದರೆ ನಿನ್ನ ಸರ್ವರ್, ಹೇಳಿದ್ದನ್ನು ಹೇಳಿದ ಹಾಗೆಯೇ ಕೇಳಿಸಿಕೊಳ್ಳುತ್ತದೆ."