ಚಾಪೆಯ ಮೇಲೆ ಕೂರುವವರು

"ಗುರುಗಳೇ, ಏಳು ಊರುಗಳಲ್ಲಿ ಕಲಿಕೆಯ ಕೂಟ ಕಟ್ಟಿದೆ. ವರ್ಷ ತುಂಬುವ ಮೊದಲೇ ಆರು ನಿಂತುಹೋದವು. ಏಳನೆಯದೂ ನಿಂತರೆ ನಾನು ಯಾರಿಗೂ ಮುಖ ತೋರಿಸುವಂತಿಲ್ಲ. ಅದನ್ನು ಉಳಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬಾವಿ ತೋಡುವವನಿದ್ದ. ತನ್ನದೂ ಸೇರಿ ನಾಲ್ಕು ಊರುಗಳನ್ನು ಎರಡು ವರ್ಷ ಅಲೆದು, ಎಲ್ಲರನ್ನೂ ಕಾಡಿ ಬೇಡಿ ಒಂದು ಕಟ್ಟಳೆ ಮಾಡಿಸಿದ. ಅಮಾವಾಸ್ಯೆಯಂದು ಹೇಗೂ ಎತ್ತಿಗೆ ನೊಗ ಇಡುವುದಿಲ್ಲ. ಆ ದಿನ ಸರದಿಯಂತೆ ಒಂದೊಂದು ಊರಿನಲ್ಲಿ ಸೇರಬೇಕು. ಬಲ್ಲವರು ಜಗಲಿಯ ಮೇಲೆ ಕೂತು ಹೇಳಿಕೊಡಬೇಕು, ಅರಿಯದವರು ಕೆಳಗೆ ಚಾಪೆಯ ಮೇಲೆ ಕೂತು ಕಲಿಯಬೇಕು. ಮುದುಕರಾದರೂ ಸರಿಯೇ.

ಮೊದಲ ಅಮಾವಾಸ್ಯೆ ಬಂತು. ಚಾಪೆಗೆ ಜನ ಕಳಿಸಿದರೆ ತಮ್ಮೂರಿನ ಮಾನ ಹೋದೀತೆಂದು ಪ್ರತಿ ಊರೂ ಬಲ್ಲವನೊಬ್ಬನನ್ನೇ ಕಳಿಸಿತು. ಕುಂಬಾರ ಬಂದ. ಕಂಬಳಿ ನೇಯುವವನು ಬಂದ. ಮೂಳೆ ಕಟ್ಟುವವನು ಬಂದ. ಬಾವಿ ತೋಡುವವನಂತೂ ಎಲ್ಲರಿಗಿಂತ ಮೊದಲೇ ಬಂದು ಜಗಲಿಯ ನಡುವೆ ಕೂತಿದ್ದ. ಕೆಳಗೆ ಚಾಪೆಯ ಮೇಲೆ ಒಂದು ನಾಯಿ ಮಲಗಿತು. ಎರಡನೆಯ ಊರಿನಲ್ಲೂ ಹೀಗೇ ಆಯಿತು, ಮೂರನೆಯದರಲ್ಲೂ ಹೀಗೇ. ನಾಯಿ ಮಾತ್ರ ಬೇರೆ.

ನಾಲ್ಕನೆಯದು ಬಾವಿಯವನ ಊರೇ. ಅಲ್ಲಿಯ ಗೌಡ, "ಇವತ್ತೂ ಚಾಪೆ ತುಂಬದಿದ್ದರೆ ನಾಳೆಯಿಂದ ಇಲ್ಲಿ ಕುರಿ ಕಟ್ಟಿಸುತ್ತೇನೆ" ಎಂದ.

ಅಷ್ಟರಲ್ಲಿ ಒಬ್ಬ ಮುದುಕಿ ಮಜ್ಜಿಗೆ ತಂದಳು. ಗಡಿಗೆ ಸೋರಿ ಅರ್ಧ ಮಜ್ಜಿಗೆ ದಾರಿಪಾಲಾಗಿತ್ತು. "ಇಷ್ಟು ಜನ ಜಾಣರಿದ್ದೀರಲ್ಲಪ್ಪಾ, ಇದಕ್ಕೇನು ಮಾಡಲಿ?" ಎಂದಳು.

ಬಲ್ಲವರಿಗೆ ಸುಮ್ಮನಿರುವುದೊಂದು ಬರುವುದಿಲ್ಲ ನೋಡು. ಕುಂಬಾರ ಬಾಯಿ ತೆರೆಯುವ ಮೊದಲೇ ಮೂಳೆಯವನು ಗಡಿಗೆಗೆ ದಬ್ಬೆ ಕಟ್ಟು ಎಂದ. ಕಂಬಳಿಯವನು ಕಂಬಳಿ ಸುತ್ತು ಎಂದ. ಬಾವಿಯವನು, ಸೋರುವ ಕಡೆ ಇನ್ನೂ ಸ್ವಲ್ಪ ತೋಡಿ ನೋಡು ಎಂದ. ಅಂದ ಮೇಲೆ ಅವನಿಗೇ ನಾಚಿಕೆಯಾಯಿತು.

ಅವನು ಜಗಲಿಯಿಂದ ಇಳಿದ. ಅಲ್ಲೂ ಮಲಗಿದ್ದ ನಾಯಿಯನ್ನು ಸರಿಸಿ ಚಾಪೆಯ ಮೇಲೆ ಕೂತು, "ಕುಂಬಾರಣ್ಣಾ, ನನಗೆ ಗೊತ್ತಿಲ್ಲ. ನೀನೇ ಹೇಳಿಕೊಡು" ಎಂದ.

ಕುಂಬಾರ ಒಡಕಿಗೆ ಅರಗು ಮೆತ್ತಿ ತೋರಿಸಿದ. ಕೂಟ ಕಟ್ಟಿದವನೇ ಕೆಳಗೆ ಕೂತದ್ದನ್ನು ಕಂಡು, ಸುತ್ತ ನಿಂತು ನೋಡುತ್ತಿದ್ದ ಊರವರ ಸಂಕೋಚ ಬಿಟ್ಟಿತು. ಹೊತ್ತು ಇಳಿಯುವುದರೊಳಗೆ ಚಾಪೆ ತುಂಬಿ, ನಾಯಿ ಜಗಲಿ ಹತ್ತಿ ಮಲಗಿತು. ಒಂದು ಊರಿನಲ್ಲಿ ಹೇಳಿಕೊಟ್ಟವನು ಮುಂದಿನ ಊರಿನಲ್ಲಿ ಚಾಪೆಯ ಮೇಲೆ ಕೂರಬೇಕೆಂದು ಕಟ್ಟಳೆಯನ್ನು ಅಂದೇ ತಿದ್ದಿದರು. ಆ ಕೂಟ ಇಂದಿಗೂ ನಡೆಯುತ್ತಿದೆ.

ಶಿಷ್ಯ ಬಿದ್ದು ಬಿದ್ದು ನಕ್ಕ. "ಸರಿ ಗುರುಗಳೇ, ಇದನ್ನು ಈಗಲೇ ಹೋಗಿ ಆ ಏಳನೆಯ ಊರಿನವರಿಗೆ ಕಲಿಸುತ್ತೇನೆ" ಎಂದು ಎದ್ದು ನಿಂತ.

"ಹೋಗು, ಅದಕ್ಕೆ ಮೊದಲು, ಆ ಏಳು ಊರುಗಳಲ್ಲಿ ನೀನು ಕಲಿತದ್ದರಲ್ಲಿ ಒಂದನ್ನಾದರೂ ಹೇಳು" ಎಂದರು ಗುರುಗಳು.

ಶಿಷ್ಯ ಗುರುಗಳ ಮುಂದಿನ ಚಾಪೆಯ ಮೇಲೆ ಮತ್ತೆ ಕೂತ.