ಕೇಡನ್ನು ಬರೆಯದ ಕಾಗದ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನನ್ನ ಷಡ್ಡಕರಾದ ಪುಟ್ಟಮಾದಯ್ಯನವರು. ಅವರು ಮಾತಿಗೆ ಉಪ್ಪುಖಾರ ಹಚ್ಚುವವರಲ್ಲ. ನಾನೂ ಹಚ್ಚದೆ ಹೇಳುತ್ತೇನೆ.

ಒಂದೂರಿನಲ್ಲಿ ಒಂದು ಚಾಕಿ ಮನೆ ಇತ್ತು. ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಮೊದಲ ಕೆಲವು ದಿನ ಒಂದೇ ಕಡೆ ಸಾಕಿ, ಆಮೇಲೆ ಮನೆಮನೆಗೆ ಹಂಚುವ ಜಾಗ ಅದು. ಕೂಸಿಗೆ ಬಾಣಂತಿ ಕೋಣೆ ಹೇಗೋ ಹುಳುವಿಗೆ ಅದು ಹಾಗೆ. ಮೂವತ್ತು ಮನೆಯವರ ಹುಳು ಅಲ್ಲಿ ಬೇರೆಬೇರೆ ತಟ್ಟೆಗಳಲ್ಲಿ ಬೆಳೆಯುತ್ತಿತ್ತು. ನೋಡಿಕೊಳ್ಳುತ್ತಿದ್ದವರು ಹೊಂಬಾಳಮ್ಮ. ಇಪ್ಪತ್ತೆಂಟು ವರ್ಷದಲ್ಲಿ ಆ ಮನೆಯಿಂದ ಒಂದು ಕೆಟ್ಟ ಸುದ್ದಿಯನ್ನೂ ಊರು ಕೇಳಿರಲಿಲ್ಲ. ಕೇಡು ಬರುತ್ತಿರಲಿಲ್ಲ ಎಂದಲ್ಲ. ಬಂದದ್ದನ್ನು ಆಕೆ ಯಾರಿಗೂ ಹೇಳದೆ ಸರಿಮಾಡುತ್ತಿದ್ದರು.

ಹೊಂಬಾಳಮ್ಮನಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಮೂರು ದಿನ ಪೇಟೆಯ ಆಸ್ಪತ್ರೆಯಲ್ಲಿರಬೇಕು. ಊರಿನ ರೇಷ್ಮೆ ಬೆಳೆಗಾರರ ಸಂಘದವರು ಒಂದು ಎಐ ಸಹಾಯಕವನ್ನು ತರಿಸಿದರು. ಅದು ಕ್ಯಾಮೆರಾದಲ್ಲಿ ಹುಳುಗಳನ್ನು ನೋಡುತ್ತದೆ. ಕೋಣೆಯ ಬಿಸಿ, ತೇವ ಸರಿಮಾಡುತ್ತದೆ. ಹಿಪ್ಪುನೇರಳೆ ಸೊಪ್ಪು ಹಾಕುವವರಿಗೆ ಹೇಳಿ ಮಾಡಿಸುತ್ತದೆ. ಆದರೆ ಕೆಲಸದ ರೀತಿಯನ್ನು ಬರೆದುಕೊಡಬೇಕು. ಬರೆದಂತೆ ಅದು ನಡೆಯುತ್ತದೆ.

ಹೊಂಬಾಳಮ್ಮ ಸ್ನಾನ ಮಾಡಿ, ದೀಪ ಹಚ್ಚಿ, ಐದು ಹಾಳೆ ಬರೆದರು. ಮೊದಲ ಹಾಳೆ ತುಂಬ ಮನೆದೇವರು ಮಾದಪ್ಪನ ಸ್ಮರಣೆ. ಎರಡನೆಯದು ರೇಷ್ಮೆಯ ಮಹಿಮೆ. ಆಮೇಲೆ ಕೆಲಸ: ಮಡಿಯಿಂದಿರು. ಹದ ನೋಡಿ ಬಿಸಿ ಇಡು. ದಿನಕ್ಕೆ ಮೂರು ಸಲ ಸೊಪ್ಪು ಹಾಕಿಸು. ಬಾಗಿಲು ತೆರೆಸಬೇಡ. ಸುಮ್ಮಸುಮ್ಮನೆ ಯಾರಿಗೂ ಫೋನು ಮಾಡಬೇಡ.

ಅವರ ಓರಗಿತ್ತಿ ಚಿಕ್ಕತಾಯಮ್ಮ ಇಣುಕಿ ನೋಡಿ, "ಅಕ್ಕಾ, ಇದು ಕೆಲಸದ ಕಾಗದವೋ ಮದುವೆ ಲಗ್ನಪತ್ರಿಕೆಯೋ?" ಎಂದು ನಕ್ಕಳು.

ಕಾಗದ ಓದಿದ ಯಂತ್ರ ಕೇಳಿತು: "ಅಮ್ಮಾ, ಹದ ಎಂದರೆ ಎಷ್ಟು ಡಿಗ್ರಿ?"

"ಇಪ್ಪತ್ತೇಳು."

"ಹುಳು ಸೊಪ್ಪು ತಿನ್ನದಿದ್ದರೆ, ಸಾಯತೊಡಗಿದರೆ, ಏನು ಮಾಡಲಿ?"

ಹೊಂಬಾಳಮ್ಮ ಕಿವಿ ಮುಚ್ಚಿಕೊಂಡರು. "ಬಿಡ್ತು ಅನ್ನು! ಹುಳುವಿನ ಮನೆಯಲ್ಲಿ ಅಂಥ ಮಾತು ಆಡಬಾರದು. ಬರೆದರೆ ಕರೆದ ಹಾಗೆ. ಅದು ಬೇಡ."

"ಬಿಡ್ತು," ಎಂದಿತು ಯಂತ್ರ. ಆ ಜಾಗ ಖಾಲಿ ಉಳಿಯಿತು.

ಕಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಪೊರೆ; ಮಲಗಿದ್ದ ಹೊಂಬಾಳಮ್ಮನಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ವಾರ್ಡಿನಲ್ಲಿ ಯಾರ ಫೋನು ಕೂಗಿದರೂ ತಲೆ ಎತ್ತುವರು. ಫೋನು ಬಾರದಿದ್ದರೂ ಭಯ. ಬಾರದೇ ಇರುವುದು ಒಳ್ಳೆಯದಕ್ಕೋ, ತಾವೇ ಬೇಡವೆಂದು ಬರೆದದ್ದಕ್ಕೋ?

ಎರಡನೆಯ ದಿನ ಮಧ್ಯಾಹ್ನ ಫೋನು ಬಂತು. ಚಿಕ್ಕತಾಯಮ್ಮ ಅಳುತ್ತಿದ್ದಳು.

"ಅಕ್ಕಾ, ಹುಳು ತಲೆ ಒದರ್ತಾವೆ. ಹಸಿರು ನೀರು ಕಾರ್ತಾವೆ. ಬೆಳಿಗ್ಗೆ ಹಾಕಿದ ಸೊಪ್ಪು ಒಂಚೂರು ತಿಂದು ಹಂಗೇ ಬಿಟ್ಟವೆ. ಆದ್ರೂ ಈ ಯಂತ್ರ, ಎರಡನೇ ಸಲದ್ದು ಹಾಕಿ ಅಂತು. ಹಾಕ್ದೆ. ಬಾಗ್ಲು ತೆಗೀಲಾ ಅಂದ್ರೆ ಕಾಗದದಲ್ಲಿ ಬೇಡ ಅಂತ ಐತೆ ಅಂತದೆ. ನಾನು ಸೊಪ್ಪು ಕೊಯ್ಯೋಳು ಕಣಕ್ಕಾ, ನಂಗೇನು ಗೊತ್ತು!"

"ಸೊಪ್ಪು ಯಾವ ಕಡೆಯಿಂದ ಕೊಯ್ದೆ?"

"ಕೆಳಗಿನ ತೋಟದ್ದು. ಪಕ್ಕದ ಟೊಮೆಟೊಗೆ ನಿನ್ನೆ ಔಷಧಿ ಹೊಡೆದವ್ರೆ. ಗಾಳಿ ಈ ಕಡೇಕೇ ಇತ್ತು."

ಹೊಂಬಾಳಮ್ಮ ಎದ್ದು ಕೂತರು. ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದರು: "ವಿಷ ಕಣೇ ಅದು! ಹುಳು ಸಾಯ್ತಾವೆ. ಫೋನನ್ನ ಅದರ ಹತ್ರ ಹಿಡಿ. ಕೇಳು ಯಂತ್ರವೇ, ಇದ್ದ ಸೊಪ್ಪನ್ನೆಲ್ಲ ಈಗಲೇ ತೆಗೆಸು. ಬಾಗಿಲು, ಕಿಟಕಿ ತೆರೆಸು. ಹೊಸ ತಟ್ಟೆಗೆ ಹುಳು ಸಾಗಿಸು. ಮೇಲಿನ ತೋಟದ ಸೊಪ್ಪೇ ಆಗಬೇಕು. ಅದನ್ನೂ ಮೊದಲು ಹತ್ತು ಹುಳುವಿಗೆ ಹಾಕಿ ನೋಡಿ ಆಮೇಲೆ ಉಳಿದದ್ದಕ್ಕೆ."

ಯಂತ್ರ ಒಂದು ಮಾತನ್ನೂ ಬಿಡದೆ ಮಾಡಿಸಿತು. ಆದರೂ ಹನ್ನೊಂದು ಮನೆಯ ಹುಳು ಹೋಯಿತು. ಹತ್ತೊಂಬತ್ತು ಮನೆಯದು ಉಳಿಯಿತು.

ಹೊಂಬಾಳಮ್ಮ ಊರಿಗೆ ಬಂದಾಗ ಹನ್ನೊಂದು ಮನೆಯ ಹೆಂಗಸರೂ ಜಗಲಿಯಲ್ಲಿ ಕೂತಿದ್ದರು. ಯಾರೂ ಬೈಯಲಿಲ್ಲ. ಕೆಂಪಾಜಮ್ಮ ಎಂಬಾಕೆ ಕೇಳಿದಳು, ಅಷ್ಟೇ.

"ಅಕ್ಕಾ, ಔಷಧಿ ಸೊಪ್ಪಿನ ಸಂಗತಿ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತವ್ವ. ಮೂರು ಸಲ ಹಿಂಗಾಗಿತ್ತು. ಮೂರು ಸಲವೂ ಉಳಿಸಿದ್ದೆ."

"ಬರೀಬೌದಾಗಿತ್ತು."

ಹೊಂಬಾಳಮ್ಮನ ಪಟ್ಟಿಯೊಳಗಿನ ಕಣ್ಣು ಒದ್ದೆಯಾಯಿತು. ಚಿಕ್ಕತಾಯಮ್ಮನ ಕೈಗೆ ಲೇಖನಿ ಕೊಟ್ಟು, ಅವರೆಲ್ಲರ ಎದುರಿಗೇ ಹೊಸ ಕಾಗದ ಬರೆಸಿದರು. ಮೇಲೆ ಮಾದಪ್ಪನ ಹೆಸರು, ಒಂದೇ ಸಾಲು. ಅದರ ಕೆಳಗೆ ಬರಬಹುದಾದ ಕೇಡೆಲ್ಲ. ಯಾವುದು ಹೇಗೆ ಕಾಣುತ್ತದೆ, ಕಂಡಾಗ ಮೊದಲು ಏನು ನಿಲ್ಲಿಸಬೇಕು, ಆಮೇಲೆ ಏನು ಮಾಡಬೇಕು. ಪ್ರತಿ ಕೇಡಿಗೂ ಹೊಂಬಾಳಮ್ಮ ಒಮ್ಮೆ ಬಿಡ್ತು ಎಂದು ಮುಂದಿನದನ್ನು ಹೇಳುತ್ತಿದ್ದರು. ನಿಲ್ಲಿಸಲಿಲ್ಲ.

ಯಂತ್ರ ಕೇಳಿತು: "ಇಲ್ಲಿ ಬರೆಯದ್ದು ಏನಾದರೂ ಬಂದರೆ?"

"ಬರುತ್ತದೆ," ಎಂದರು ಹೊಂಬಾಳಮ್ಮ. "ಆಗ ಊಹೆ ಮಾಡಬೇಡ. ಸೊಪ್ಪು ನಿಲ್ಲಿಸಿ ನನ್ನನ್ನು ಕೇಳು. ನಾನು ಪೂಜೆಗೆ ಕೂತಿದ್ದರೂ ಎಬ್ಬಿಸು."

ಉಳಿದ ಹುಳುವಿನಲ್ಲಿ ಹತ್ತೊಂಬತ್ತು ಮನೆಯವರೂ ಒಂದೊಂದು ಪಾಲು ಎತ್ತಿ ಆ ಹನ್ನೊಂದು ಮನೆಗೆ ಕೊಟ್ಟರು. ಆ ಸಲ ಯಾರ ಮನೆಯಲ್ಲೂ ತಟ್ಟೆ ತುಂಬಲಿಲ್ಲ. ಯಾರ ಮನೆಯಲ್ಲೂ ಬರಿದಾಗಲಿಲ್ಲ.

ನೀತಿ: ಮನುಷ್ಯನಿಗಾಗಲಿ ಯಂತ್ರಕ್ಕಾಗಲಿ ಕೆಲಸ ಒಪ್ಪಿಸುವಾಗ ಒಳ್ಳೆಯದು ನಡೆಯುವ ದಾರಿಯನ್ನಷ್ಟೇ ಬರೆದರೆ ಸಾಲದು. ಕೆಟ್ಟರೆ ಹೇಗೆ ಗುರುತಿಸಬೇಕು, ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕು ಎಂಬುದನ್ನೂ ಬಿಡಿಸಿ ಬರೆಯಬೇಕು. ಬರೆದದ್ದರಿಂದ ಕೇಡು ಬರುವುದಿಲ್ಲ. ದೇವರು ಅದಕ್ಕೆ ಮುನಿಯುವುದೂ ಇಲ್ಲ.

ನಿಮ್ಮ ಪರಿಚಯದವರು ಯಾರಾದರೂ ಇಂದು ತಮ್ಮ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೊರಟಿದ್ದರೆ, ದಯಮಾಡಿ ಅವರು ಬಸ್ಸು ಹತ್ತುವ ಮುಂಚೆ ಈ ಕಥೆಯನ್ನು ಅವರಿಗೆ ಮುಟ್ಟಿಸಿ.